ಒಂದು ಕ್ಲೇಮು ಬಂತು, ಇನ್ನೊಂದು ಬರಲಾರದು

ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ, ಪುಣೆಯ ನಾರಾಯಣ ಪೇಟೆಯಲ್ಲಿರುವ ವಿಮಾ ಲೋಕಪಾಲರ ಕಚೇರಿಯಿಂದ 2025ರಲ್ಲಿ ನನ್ನ ಪರವಾಗಿ ಒಂದು ಆದೇಶ ಹೊರಬಿತ್ತು. ಗರ್ಭನಾಳದಲ್ಲಿ ಗರ್ಭ ನಿಂತು, ತುರ್ತು ಶಸ್ತ್ರಚಿಕಿತ್ಸೆಯಾಗಿ, ಬಲಗಡೆಯ ನಾಳವನ್ನೇ ಕಳೆದುಕೊಂಡ ನನಗೆ ಆಸ್ಪತ್ರೆಯ ಖರ್ಚು ಕೊಡಲು ನಿರಾಕರಿಸಿದ್ದ ವಿಮಾ ಕಂಪನಿ ಆ ಹಣವನ್ನು ಕೊಡಬೇಕಾಯಿತು. ವಿಷಯ ತಿಳಿದ ಪರಿಚಿತರೆಲ್ಲ ಹಟ ಹಿಡಿದು ಗೆದ್ದೆ ಎಂದು ಹೊಗಳಿದರು. ಆದರೆ ಅದಕ್ಕೂ ಹಿಂದೆ, 2023ರಲ್ಲಿ, ಮೂರನೆಯ ತಿಂಗಳಲ್ಲಿ ನನಗೆ ಗರ್ಭಪಾತವಾದಾಗ ಇದೇ ಕಂಪನಿ ಇದೇ ಪಾಲಿಸಿಯ ಮೇಲೆ ತಿರಸ್ಕರಿಸಿದ ಇನ್ನೊಂದು ಕ್ಲೇಮು ನನ್ನ ಕಡತದಲ್ಲಿ ಉಳಿದಿದೆ. ಅದರ ಬಗ್ಗೆ ನಾನು ಎಷ್ಟು ಹಟ ಹಿಡಿದರೂ, ಎಂಥ ವಕೀಲರನ್ನು ಕೇಳಿದರೂ, ಒಂದು ರೂಪಾಯಿಯೂ ಬರುವಂತಿಲ್ಲ. ಮೊದಲನೆಯ ಸಲ ಕಂಪನಿ ನಿಯಮದಂತೆಯೇ ನಡೆದುಕೊಂಡಿತ್ತು, ಎರಡನೆಯ ಸಲ ನಿಯಮವನ್ನು ಮೀರಿತ್ತು. ನನ್ನ ಗೆಲುವಿಗೆ ಕಾರಣ ಇಷ್ಟೇ. ಹೆಣ್ಣುಮಕ್ಕಳ ಸಂತಾನೋತ್ಪತ್ತಿಗೆ ಸಂಬಂಧಿಸಿದ ಚಿಕಿತ್ಸೆಯನ್ನು ಪ್ರತಿಯೊಂದು ಆರೋಗ್ಯ ವಿಮೆಯೂ ಕಡ್ಡಾಯವಾಗಿ ಒಳಗೊಳ್ಳಬೇಕು ಎಂದು ನಾನು ಇಂದು ಒತ್ತಿ ಹೇಳುವುದು ಈ ಎರಡು ಅನುಭವಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ.

ನಮ್ಮ ಮನೆಯ ವಿಮೆಯ ಹಿನ್ನೆಲೆಯನ್ನು ಮೊದಲು ಹೇಳಬೇಕು, ಏಕೆಂದರೆ ಪುಣೆಯಲ್ಲಿ ನೆಲೆಸಿರುವ ನನ್ನಂಥ ಎಷ್ಟೋ ಕನ್ನಡ ಕುಟುಂಬಗಳ ಸ್ಥಿತಿ ಇದಕ್ಕಿಂತ ಬೇರೆಯಾಗಿಲ್ಲ. ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದ ನಾನು ಭೋಸರಿಯ ಕೈಗಾರಿಕಾ ಪ್ರದೇಶದ, ವಾಹನಗಳ ಬಿಡಿಭಾಗ ತಯಾರಿಸುವ ಒಂದು ಘಟಕದಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನನ್ನ ಯಜಮಾನರು ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಷ್ಟು ಕಾಲ ಅಲ್ಲಿಯ ಸಾಮೂಹಿಕ ವಿಮೆ ನಮ್ಮಿಬ್ಬರಿಗೂ ಇತ್ತು, ಅದರಲ್ಲಿ ಹೆರಿಗೆಗೆಂದು ಒಂದು ಮಿತಿಯ ಮೊತ್ತವೂ ಇತ್ತು. ಅವರು ಕೆಲಸ ಬಿಟ್ಟು ಸ್ವಂತ ಉದ್ಯೋಗ ಆರಂಭಿಸಿದಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಕುಟುಂಬ ಪಾಲಿಸಿಗೆ ನಾವು ವರ್ಗಾವಣೆಗೊಂಡೆವು. ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿಯ ಲೆಕ್ಕ ಮುಂದುವರಿಯಿತು, ಆಸ್ಪತ್ರೆಗಳ ಪಟ್ಟಿ ಅದೇ ಆಗಿತ್ತು, ಕಾರ್ಡಿನ ಬಣ್ಣವೂ ಬದಲಾಗಲಿಲ್ಲ. ಹೆರಿಗೆಯ ಭಾಗ ಮಾತ್ರ ಹೋಗಿತ್ತು. ಯಜಮಾನರು ಯಾವ ಕಚೇರಿಯಲ್ಲಿ ಕೂರುತ್ತಾರೆ ಎಂಬುದರ ಮೇಲೆ ನನ್ನ ಗರ್ಭಕೋಶಕ್ಕೆ ವಿಮೆಯುಂಟೋ ಇಲ್ಲವೋ ಎಂಬುದು ನಿರ್ಧಾರವಾಗುವುದನ್ನು ಈಗಲೂ ನನ್ನಿಂದ ಒಪ್ಪಿಕೊಳ್ಳಲು ಆಗುತ್ತಿಲ್ಲ.

ಗರ್ಭಪಾತವಾದಾಗ ಗರ್ಭಕೋಶವನ್ನು ಸ್ವಚ್ಛಗೊಳಿಸಲು ಅರಿವಳಿಕೆ ಕೊಟ್ಟು, ರಕ್ತಸ್ರಾವ ಹತೋಟಿಗೆ ಬರುವವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಆಸ್ಪತ್ರೆಯ ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟಲಿ ಎಂಬ ಕ್ಯಾಶ್‌ಲೆಸ್ ಕೋರಿಕೆಗೆ ಬಂದ ಉತ್ತರದಲ್ಲಿ 18ನೆಯ ಸಂಕೇತದ ಹೊರಗಿಡುವಿಕೆ, ಅಂದರೆ ವಿಮೆ ಹಣ ಕೊಡದ ಚಿಕಿತ್ಸೆ, ಎಂದು ಬರೆದಿತ್ತು. ನಾನು ಅಂದು ಆಸ್ಪತ್ರೆಯ ಹಣ ಕಟ್ಟಿ ಮನೆಗೆ ಬಂದೆ. ನಂತರ ಪಾಲಿಸಿಯ ಶರತ್ತುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಮ್ಮ ದೇಶದ ವಿಮಾ ವ್ಯವಹಾರವನ್ನು ನಿಯಂತ್ರಿಸುವ, ಐಆರ್‌ಡಿಎಐ ಎಂದು ಎಲ್ಲರೂ ಕರೆಯುವ ಪ್ರಾಧಿಕಾರವು 2019ರ ಸೆಪ್ಟೆಂಬರಿನಲ್ಲಿ ಆರೋಗ್ಯ ವಿಮೆಯ ಹೊರಗಿಡುವಿಕೆಗಳನ್ನೆಲ್ಲ ಏಕರೂಪಕ್ಕೆ ತಂದು, ಪ್ರತಿಯೊಂದಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟಿತು. ಕಂಪನಿಗಳು ತಮಗೆ ತೋಚಿದಂತೆ ಶರತ್ತು ಬರೆಯುವುದನ್ನು ತಡೆಯಲು ಬಂದ ಆ ಮಾರ್ಗಸೂಚಿ ಅನೇಕ ವಿಷಯಗಳಲ್ಲಿ ಜನರಿಗೆ ಉಪಕಾರವನ್ನೇ ಮಾಡಿತು. ಆದರೆ ಅದರ 17ನೆಯ ಮತ್ತು 18ನೆಯ ಸಂಕೇತಗಳು ಹೆಣ್ಣಿನ ಸಂತಾನಾರೋಗ್ಯದ ಬಹುಪಾಲನ್ನು ವಿಮೆಯ ಹೊರಗೆ ನಿಲ್ಲಿಸಲು ಅನುಮತಿ ಕೊಡುತ್ತವೆ. 17ರಲ್ಲಿ ಎಲ್ಲ ಬಗೆಯ ಗರ್ಭನಿರೋಧಕ ಕ್ರಮಗಳು, ಸಂತಾನಹರಣ ಶಸ್ತ್ರಚಿಕಿತ್ಸೆ, ಅದನ್ನು ಹಿಂದಕ್ಕೆ ಸರಿಪಡಿಸುವ ಶಸ್ತ್ರಚಿಕಿತ್ಸೆ, ಕೃತಕ ಗರ್ಭಧಾರಣೆ, ದೇಹದ ಹೊರಗೆ ಭ್ರೂಣ ರೂಪಿಸುವ ಐವಿಎಫ್ ಮೊದಲಾದ ಸಂತಾನ ನೆರವಿನ ವಿಧಾನಗಳು, ಬಾಡಿಗೆ ತಾಯ್ತನ ಇವೆಲ್ಲ ಸೇರಿವೆ. 18ರಲ್ಲಿ ಹೆರಿಗೆಯ ವೆಚ್ಚ, ಅದು ಸಿಸೇರಿಯನ್ ಆಗಿರಲಿ, ತೊಡಕಿನ ಹೆರಿಗೆಯಾಗಿರಲಿ, ಅಪಘಾತದಿಂದ ಆಗಿರದ ಗರ್ಭಪಾತ, ಮತ್ತು ಕಾನೂನುಬದ್ಧವಾಗಿ ವೈದ್ಯರು ಮಾಡುವ ಗರ್ಭ ಸಮಾಪ್ತಿ ಇವೆ. ಈ ಎಲ್ಲದರ ನಡುವೆ ಒಂದೇ ಒಂದು ವಿನಾಯಿತಿ ಇದೆ: ಗರ್ಭಕೋಶದ ಹೊರಗೆ ನಿಂತ ಗರ್ಭ. ಅಂದು ಅದನ್ನು ಓದುವಾಗ ನನಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಗರ್ಭಪಾತವಾದ ಮರುದಿನದಿಂದ ಆರು ವಾರಗಳ ಸಂಬಳಸಹಿತ ರಜೆ ನನ್ನ ಘಟಕದಲ್ಲಿ ತಕರಾರಿಲ್ಲದೆ ಮಂಜೂರಾಯಿತು, ಏಕೆಂದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆ ಅದನ್ನು ಹೆಣ್ಣಿನ ಹಕ್ಕೆಂದು ಬರೆದಿಟ್ಟಿತ್ತು. 1971ರಲ್ಲಿ ಬಂದು 2021ರಲ್ಲಿ ತಿದ್ದುಪಡಿಯಾದ ಗರ್ಭ ಸಮಾಪ್ತಿ ಕಾಯ್ದೆಯೂ ಅದರದೇ ಶರತ್ತುಗಳೊಳಗೆ ಈ ಚಿಕಿತ್ಸೆಗೆ ದಾರಿ ಮಾಡಿಕೊಟ್ಟಿದೆ, ಮತ್ತು ಅವಿವಾಹಿತೆಯರನ್ನು ಅದರಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹೀಗೆ ಕಾರ್ಮಿಕ ಕಾನೂನು ಗರ್ಭಪಾತವನ್ನು ಆರು ವಾರದ ವಿಶ್ರಾಂತಿ ಬೇಡುವ ದೈಹಿಕ ಆಘಾತ ಎಂದು ಒಪ್ಪಿದೆ, ವೈದ್ಯಕೀಯ ಕಾನೂನು ಗರ್ಭ ಸಮಾಪ್ತಿಯನ್ನು ಚಿಕಿತ್ಸೆ ಎಂದು ಒಪ್ಪಿದೆ, ವಿಮೆಯ ನಿಯಮ ಮಾತ್ರ ಇವೆರಡನ್ನೂ ತನ್ನ ಹೊಣೆಯಲ್ಲ ಎನ್ನಲು ಕಂಪನಿಗಳಿಗೆ ಬಿಟ್ಟಿದೆ. ಒಂದೇ ದೇಶದ ಮೂರು ನಿಯಮಗಳು ಒಂದೇ ದೇಹದ ಬಗ್ಗೆ ಹೀಗೆ ಬೇರೆ ಬೇರೆ ಮಾತಾಡುವುದಕ್ಕೆ ಯಾವ ಸಮರ್ಥನೆಯೂ ನನಗೆ ಸಿಕ್ಕಿಲ್ಲ.

ನನ್ನದೇ ಘಟಕದ ಜೋಡಣೆ ವಿಭಾಗದಲ್ಲಿ ದುಡಿಯುವ, ವಿಜಯಪುರ ಕಡೆಯಿಂದ ಬಂದ ಒಬ್ಬ ಹೆಣ್ಣುಮಗಳಿಗೂ ನನ್ನಂತೆಯೇ ಆಗಿತ್ತು. ಅವಳ ತಿಂಗಳ ಸಂಬಳ 21,000 ರೂಪಾಯಿಯ ಮಿತಿಯೊಳಗೆ ಇರುವುದರಿಂದ ಅವಳು ಕಾರ್ಮಿಕರ ಸರ್ಕಾರಿ ವಿಮೆಯಾದ ಇಎಸ್‌ಐ ಯೋಜನೆಗೆ ಒಳಪಟ್ಟಿದ್ದಳು. ಇಎಸ್‌ಐ ಆಸ್ಪತ್ರೆಯಲ್ಲಿ ಅವಳ ಚಿಕಿತ್ಸೆ ಹಣವಿಲ್ಲದೆ ಆಯಿತು, ಆರು ವಾರದ ನಗದು ಸೌಲಭ್ಯವೂ ಬಂತು. ಸರದಿಯ ಕಷ್ಟ, ಔಷಧಕ್ಕೆ ಕಾಯುವ ಕಷ್ಟ ಅವಳಿಗೆ ಸಾಕಷ್ಟು ಇತ್ತು ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೂ 1948ರಲ್ಲೇ ಮಾಡಿದ ಒಂದು ಕಾನೂನು ಗರ್ಭಿಣಿಯ ಕಾಯಿಲೆಯನ್ನು ಕಾಯಿಲೆ ಎಂದು ಒಪ್ಪಿಕೊಂಡಿತ್ತು. ವರ್ಷವರ್ಷವೂ ಪ್ರೀಮಿಯಂ ಕಟ್ಟಿ ಕೊಂಡುಕೊಳ್ಳುವ ಖಾಸಗಿ ಪಾಲಿಸಿಯಲ್ಲಿ ಅಷ್ಟು ಒಪ್ಪಿಗೆಯೂ ಇಲ್ಲ. ಸಾಧ್ಯವೇ ಇಲ್ಲದ ಕೆಲಸ ಇದು ಎಂದು ಯಾರಾದರೂ ವಾದಿಸಿದಾಗ ನನಗೆ ಮೊದಲು ನೆನಪಾಗುವುದು ಅವಳ ಇಎಸ್‌ಐ ಕಾರ್ಡು.

ಮರು ವರ್ಷ ವೈದ್ಯರ ಸಲಹೆಯಂತೆ ಪರೀಕ್ಷೆಗಳಾದವು. ಯಜಮಾನರ ಪರೀಕ್ಷೆಗಳೂ ಆದವು. ನನ್ನ ಗರ್ಭನಾಳಗಳಲ್ಲಿ ಹಿಂದೆಂದೋ ಆಗಿದ್ದ ಸೋಂಕಿನ ಗುರುತುಗಳಿವೆ ಎಂದರು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನೋತ್ಪತ್ತಿ ವ್ಯವಸ್ಥೆಯ ಕಾಯಿಲೆ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ, ಮತ್ತು ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವನದ ಯಾವುದೋ ಹಂತದಲ್ಲಿ ಇದನ್ನು ಅನುಭವಿಸುತ್ತಾರೆ ಎಂದು ಅದು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಇಷ್ಟು ಜನರಿಗೆ ಬರುವ ಕಾಯಿಲೆಗೆ ನಮ್ಮ ಪಾಲಿಸಿಯಲ್ಲಿ ಏನೂ ಇರಲಿಲ್ಲವಾದ್ದರಿಂದ ಪರೀಕ್ಷೆಯ ಖರ್ಚು, ಚುಚ್ಚುಮದ್ದಿನ ಖರ್ಚು, ಗರ್ಭಕೋಶದೊಳಕ್ಕೆ ವೀರ್ಯ ಸೇರಿಸುವ ಐಯುಐ ವಿಧಾನದ ಖರ್ಚು ಎಲ್ಲವೂ ನಮ್ಮ ಉಳಿತಾಯದಿಂದಲೇ ಹೋಯಿತು. ಅದರ ಬಗ್ಗೆ ನಾವು ಕ್ಲೇಮು ಹಾಕಲೂ ಇಲ್ಲ.

2024ರ ಕೊನೆಯ ಭಾಗದಲ್ಲಿ ಗರ್ಭ ನಿಂತಿತು. ಆದರೆ ರಕ್ತದಲ್ಲಿನ ಹಾರ್ಮೋನಿನ ಪ್ರಮಾಣ ಏರಬೇಕಾದ ರೀತಿಯಲ್ಲಿ ಏರುತ್ತಿರಲಿಲ್ಲ, ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿಯಾಗಿತ್ತು. ಒಂದು ಮಧ್ಯಾಹ್ನ ಕಚೇರಿಯಲ್ಲೇ ಹೊಟ್ಟೆಯ ಬಲಭಾಗದಲ್ಲಿ ತಡೆಯಲಾಗದ ನೋವು ಬಂದು, ಕಣ್ಣು ಕತ್ತಲಿಟ್ಟು, ಸಹೋದ್ಯೋಗಿಗಳು ನನ್ನನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಇಂಥ ಸ್ಥಿತಿಯಲ್ಲಿ ತಡಮಾಡಿದರೆ ಪ್ರಾಣವೇ ಹೋಗಬಹುದು, ಬೇರೆ ದಾರಿಯನ್ನು ಯೋಚಿಸುವ ಸಮಯವೂ ಇರುವುದಿಲ್ಲ. ಲ್ಯಾಪರೊಸ್ಕೋಪಿ ಮಾಡಿ ನಾಳವನ್ನು ತೆಗೆದರು, ರಕ್ತ ಕೊಟ್ಟರು.

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ನಿರ್ಧಾರ ತಿಳಿಸಬೇಕು ಎಂದು ಐಆರ್‌ಡಿಎಐ 2024ರ ಮೇ 29ರ ಸುತ್ತೋಲೆಯಲ್ಲಿ ಹೇಳಿದೆ. ಕಂಪನಿಯ ಪ್ರಶ್ನೆ ಬೇಗನೆ ಬಂತು: ಈ ಗರ್ಭ ಸಹಜವಾಗಿ ನಿಂತದ್ದೋ ಚಿಕಿತ್ಸೆಯಿಂದಲೋ? ಆಸ್ಪತ್ರೆಯವರು ನನ್ನ ಕಾಗದಗಳಲ್ಲಿ ಇದ್ದಂತೆ ಐಯುಐ ಎಂದು ಉತ್ತರಿಸಿದರು. ಕ್ಯಾಶ್‌ಲೆಸ್ ತಿರಸ್ಕೃತವಾಯಿತು. ನನ್ನ ಅಣ್ಣ ಧಾರವಾಡದಿಂದ ಹಣ ಕಳಿಸಿದ. ಮನೆಗೆ ಬಂದ ಮೇಲೆ ಬಿಲ್ಲುಗಳನ್ನು ಸೇರಿಸಿ ಮರುಪಾವತಿಗೆ ಅರ್ಜಿ ಹಾಕಿದೆವು. ಕೆಲವು ವಾರಗಳ ನಂತರ ಬಂದ ಪತ್ರದಲ್ಲಿ, ಈ ಸ್ಥಿತಿಯು ಸಂತಾನಹೀನತೆಯ ಚಿಕಿತ್ಸೆಯ ಪರಿಣಾಮವಾಗಿ ಉಂಟಾದ್ದರಿಂದ 17ನೆಯ ಸಂಕೇತದಂತೆ ಕೊಡಲಾಗುವುದಿಲ್ಲ ಎಂದಿತ್ತು.

ಅದನ್ನು ಓದಿದ ರಾತ್ರಿ ನನಗೆ ಹಿಂದಿನ ವರ್ಷ ಓದಿದ್ದ ಆ ಒಂದು ವಿನಾಯಿತಿ ನೆನಪಾಯಿತು.

ಗಣೇಶನಗರದ ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಪರಿಚಯವಾದ, ಸಾರ್ವಜನಿಕ ವಲಯದ ವಿಮಾ ಕಂಪನಿಯೊಂದರಲ್ಲಿ ಜೀವಮಾನವಿಡೀ ಕ್ಲೇಮು ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯ ಮಹಿಳೆಯೊಬ್ಬರು ನಮ್ಮ ಮನೆಯ ಹತ್ತಿರವೇ ಇದ್ದಾರೆ. ಅವರು ನನಗೆ ಮಾಡಿದ ಸಹಾಯವನ್ನು ನಾನು ಮರೆಯಲಾರೆ. ನಾನು ಅಳುತ್ತ ಹೇಳುತ್ತಿದ್ದ ಸಂಗತಿಗಳಲ್ಲಿ ಯಾವುದು ಕಡತಕ್ಕೆ ಸೇರಬೇಕು, ಯಾವುದು ಸೇರಬಾರದು ಎಂದು ಅವರು ಬೇರ್ಪಡಿಸಿಕೊಟ್ಟರು. ಅವರ ಸಲಹೆಯಂತೆ ನಾನು ಮೊದಲು ಮಾಡಿದ ಕೆಲಸ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಂದ ಒಂದು ಪ್ರಮಾಣಪತ್ರ ಪಡೆದದ್ದು. ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದು ಸಹಜ ಗರ್ಭಧಾರಣೆಯಲ್ಲೂ ಆಗುತ್ತದೆ, ನಾಳಕ್ಕೆ ಹಿಂದೆ ಆಗಿದ್ದ ಹಾನಿಯೇ ಅದಕ್ಕೆ ಪ್ರಬಲ ಕಾರಣ, ಮತ್ತು ಮಾಡಿದ ಶಸ್ತ್ರಚಿಕಿತ್ಸೆಯ ಉದ್ದೇಶ ಪ್ರಾಣ ಉಳಿಸುವುದಾಗಿತ್ತೇ ಹೊರತು ಸಂತಾನ ಪಡೆಯುವುದಾಗಿರಲಿಲ್ಲ ಎಂದು ಅವರು ಸ್ಪಷ್ಟವಾಗಿ ಬರೆದುಕೊಟ್ಟರು. ಇಂಥ ಸಂದರ್ಭದಲ್ಲಿರುವ ಪ್ರತಿಯೊಬ್ಬರಿಗೂ ನಾನು ಹೇಳುವುದು ಇದನ್ನೇ: ವೈದ್ಯರ ಮಾತು ಕಾಗದದ ಮೇಲೆ ಇರಲಿ, ಮತ್ತು ಚಿಕಿತ್ಸೆ ಯಾವ ಅಪಾಯವನ್ನು ನಿವಾರಿಸಲು ಮಾಡಿದ್ದು ಎಂಬ ಪ್ರಶ್ನೆಗೆ ಅದರಲ್ಲಿ ನೇರ ಉತ್ತರವಿರಲಿ.

ಎರಡನೆಯದಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಬರೆದೆವು. 2024ರ ಅದೇ ಸುತ್ತೋಲೆಯ ಪ್ರಕಾರ, ಕಂಪನಿಯ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ನಿರಾಕರಿಸುವಂತಿಲ್ಲ, ನಿರಾಕರಿಸಿದರೆ ಯಾವ ಶರತ್ತಿನ ಆಧಾರದ ಮೇಲೆ ಎಂಬುದನ್ನು ವಿವರವಾಗಿ ತಿಳಿಸಬೇಕು. ಹಾಗಾಗಿ ಸಮಿತಿ ಒಪ್ಪಿಗೆ ಕೊಟ್ಟಿದೆಯೇ, 18ನೆಯ ಸಂಕೇತದಲ್ಲಿರುವ ವಿನಾಯಿತಿಯನ್ನು ಅದು ಪರಿಗಣಿಸಿದೆಯೇ ಎಂದು ಕೇಳಿದೆವು. ಎರಡು ವಾರಗಳ ಗಡುವಿನೊಳಗೆ ಬಂದ ಉತ್ತರ ಹಿಂದಿನ ಪತ್ರದ ಪ್ರತಿಯಂತೆಯೇ ಇತ್ತು. ಐಆರ್‌ಡಿಎಐ ನಡೆಸುವ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಿದೆವು, ಅಲ್ಲಿಂದ ಅದು ಮತ್ತೆ ಕಂಪನಿಯ ಕೈಗೇ ಹೋಗಿ ಅದೇ ಉತ್ತರ ಹೊತ್ತು ತಂದಿತು.

ನಂತರ ಉಳಿದದ್ದು ಲೋಕಪಾಲರು. ವಿಮಾ ಲೋಕಪಾಲರ ವ್ಯವಸ್ಥೆಯ ಬಗ್ಗೆ ನಮ್ಮವರಲ್ಲಿ ತಿಳಿವಳಿಕೆ ಬಹಳ ಕಡಿಮೆ ಇರುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 2017ರ ನಿಯಮಗಳಡಿ ನಡೆಯುವ ಈ ಕಚೇರಿಗೆ ದೂರು ಕೊಡಲು ಯಾವ ಶುಲ್ಕವೂ ಇಲ್ಲ. ಕಂಪನಿ ದೂರನ್ನು ತಿರಸ್ಕರಿಸಿದ ಮೇಲೆ, ಅಥವಾ ಒಂದು ತಿಂಗಳವರೆಗೆ ಉತ್ತರಿಸದೇ ಇದ್ದರೆ, ಒಂದು ವರ್ಷದೊಳಗೆ ದೂರು ಸಲ್ಲಿಸಬೇಕು. ಆನ್‌ಲೈನಿನಲ್ಲೂ ಸಲ್ಲಿಸಬಹುದು. ವಕೀಲರ ಮೂಲಕ ದೂರು ಕೊಡುವಂತಿಲ್ಲ, ಪಾಲಿಸಿದಾರರೇ ತಮ್ಮ ಮಾತನ್ನು ತಾವೇ ಹೇಳಬೇಕು. ಕಂಪನಿ ಒಪ್ಪದೆ ಲೋಕಪಾಲರು ಆದೇಶ ಕೊಟ್ಟರೆ ಅದು ಕಂಪನಿಗೆ ಬಂಧನಕಾರಿ. ಮೂವತ್ತು ದಿನಗಳೊಳಗೆ ಅದನ್ನು ಪಾಲಿಸದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ಕಂಪನಿಯು ದೂರುದಾರರಿಗೆ ಕೊಡಬೇಕು ಎಂದು 2024ರ ಸುತ್ತೋಲೆ ಗೊತ್ತುಮಾಡಿದೆ. ಸಾಮಾನ್ಯ ಮನುಷ್ಯರಿಗಾಗಿ ಮಾಡಿದ ಇಷ್ಟು ಸರಳವಾದ ವ್ಯವಸ್ಥೆ ಇರುವಾಗ ತಿರಸ್ಕಾರದ ಪತ್ರವನ್ನೇ ಕೊನೆಯ ಮಾತೆಂದು ತಿಳಿದು ಸುಮ್ಮನಾಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ವಿಚಾರಣೆಯ ದಿನ ಕಂಪನಿಯ ಪ್ರತಿನಿಧಿ ಶಿಸ್ತಿನಿಂದಲೇ ಮಾತಾಡಿದರು. ಹೊರಗಿಟ್ಟ ಚಿಕಿತ್ಸೆಯಿಂದ ಹುಟ್ಟಿದ ತೊಡಕೂ ಹೊರಗೇ ಇರಬೇಕು ಎಂಬುದು ಅವರ ವಾದ. ನಾನು ಹಿಂದಿಯಲ್ಲಿ ನನ್ನ ಮಾತು ಹೇಳಿದೆ. ತೊಡಕಿನ ಬಗ್ಗೆ 17ನೆಯ ಸಂಕೇತದಲ್ಲಿ ಒಂದು ಮಾತೂ ಇಲ್ಲ, ಗರ್ಭಕೋಶದ ಹೊರಗಿನ ಗರ್ಭವನ್ನು 18ನೆಯದು ಹೆಸರಿಟ್ಟು ಹೊರಗಿಡುವಿಕೆಯಿಂದ ಬಿಡಿಸಿದೆ, ಆ ಗರ್ಭ ಹೇಗೆ ನಿಂತಿತು ಎಂಬ ಭೇದವನ್ನು ಅದು ಮಾಡಿಲ್ಲ, ಮತ್ತು ಶರತ್ತಿನಲ್ಲಿ ಸಂದೇಹಕ್ಕೆ ಎಡೆಯಿದ್ದರೆ ಅದನ್ನು ಬರೆದುಕೊಟ್ಟ ಕಂಪನಿಯ ವಿರುದ್ಧವಾಗಿ, ಪಾಲಿಸಿದಾರರ ಪರವಾಗಿ ಓದಬೇಕೆಂಬುದು ನ್ಯಾಯಾಲಯಗಳು ಬಹುಕಾಲದಿಂದ ಪಾಲಿಸಿಕೊಂಡು ಬಂದಿರುವ ತತ್ವ ಎಂಬ ನಾಲ್ಕು ವಿಷಯಗಳನ್ನು ಬರೆದುಕೊಂಡು ಹೋಗಿದ್ದೆ. ಅಪರಿಚಿತರ ಮುಂದೆ ನನ್ನ ದೇಹದ ವಿವರಗಳನ್ನೆಲ್ಲ ಹೇಳುವುದು ಸುಲಭವಾಗಿರಲಿಲ್ಲ. ಐಯುಐ ಯಾವ ತಾರೀಖಿಗೆ, ಮುಟ್ಟು ಯಾವ ತಾರೀಖಿಗೆ, ಹಿಂದಿನ ಗರ್ಭ ಎಷ್ಟು ವಾರದ್ದು ಎಂಬ ಪ್ರಶ್ನೆಗಳಿಗೆ ಉತ್ತರಿಸುವಾಗ ಯಜಮಾನರು ನನ್ನ ಕೈ ಹಿಡಿದಿದ್ದರು. ಲೋಕಪಾಲರು ಎರಡೂ ಕಡೆಯನ್ನು ಗೌರವದಿಂದ ಕೇಳಿದರು. ಆದೇಶ ಅಂಚೆಯಲ್ಲಿ ಬಂತು, ಹಣ ಗಡುವಿನೊಳಗೇ ಖಾತೆಗೆ ಬಂತು, ಅಣ್ಣನಿಗೆ ಹಿಂದಿರುಗಿಸಿದೆವು.

ಆ ಗೆಲುವಿನ ಬಲದಲ್ಲಿ ನಾನು 2023ರ ತಿರಸ್ಕಾರದ ಪತ್ರವನ್ನೂ ಆ ಹಿರಿಯರ ಮುಂದಿಟ್ಟು, ಇದಕ್ಕೂ ಹೋರಾಡೋಣವೇ ಎಂದು ಕೇಳಿದ್ದೆ. ಅವರು ಬಹಳ ಹೊತ್ತು ಓದಿ, ದೂರಿಗಿದ್ದ ಗಡುವು ಕಳೆದಿರುವುದು ಹಾಗಿರಲಿ, ಗಡುವಿನೊಳಗೇ ಹೋಗಿದ್ದರೂ ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲಮ್ಮ, ಲೋಕಪಾಲರು ಪಾಲಿಸಿಯಲ್ಲಿ ಇರುವುದನ್ನು ಕೊಡಿಸಬಲ್ಲರೇ ಹೊರತು ಇಲ್ಲದ್ದನ್ನು ಬರೆಯಲಾರರು ಎಂದರು. ಆಗ ನನಗೆ ವಿಷಯದ ಬೇರು ಎಲ್ಲಿದೆ ಎಂಬುದು ಗೊತ್ತಾಯಿತು. ನಾವು ಪಾಲಿಸಿದಾರರು ಎಷ್ಟೇ ಎಚ್ಚರದಿಂದ ಓದಿದರೂ, ಎಷ್ಟೇ ಚೆನ್ನಾಗಿ ವಾದಿಸಿದರೂ, ಆ ಎಚ್ಚರವೆಲ್ಲ ನಿಯಮ ಕೊಟ್ಟಷ್ಟು ಜಾಗದೊಳಗೆ ಮಾತ್ರ ಕೆಲಸ ಮಾಡುತ್ತದೆ. ಗರ್ಭಕೋಶದ ಹೊರಗಿನ ಗರ್ಭಕ್ಕೆ ನಿಯಂತ್ರಕರು ವಿನಾಯಿತಿ ಕೊಟ್ಟದ್ದು ಅದು ಪ್ರಾಣಕ್ಕೆ ಕುತ್ತು ತರುವ ತುರ್ತುಸ್ಥಿತಿ ಎಂಬ ಕಾರಣಕ್ಕೇ ಇರಬೇಕು. ಹಾಗಾದರೆ ಹೆರಿಗೆಯ ನಂತರದ ವಿಪರೀತ ರಕ್ತಸ್ರಾವ, ನಂಜು ಏರಿದ ಗರ್ಭಪಾತ, ರಕ್ತದೊತ್ತಡ ಏರಿ ತಾಯಿಗೆ ಸೆಳವು ಬರುವುದು ಇವು ಪ್ರಾಣಕ್ಕೆ ಕುತ್ತಲ್ಲವೇ? ಗೆರೆಯನ್ನು ಎಳೆದವರಿಗೆ ಅದನ್ನು ಇನ್ನಷ್ಟು ಆಚೆಗೆ ಎಳೆಯಲೂ ಅಧಿಕಾರವಿದೆ.

ಕಂಪನಿಗಳ ಕಡೆಯ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ವಿಮೆ ಇರುವುದು ಅನಿರೀಕ್ಷಿತವಾದದ್ದಕ್ಕೆ, ಮಗು ಬೇಕೆನ್ನುವುದು ಯೋಜಿಸಿ ಮಾಡುವ ನಿರ್ಧಾರ, ಹಾಗಾಗಿ ಮಗು ಬೇಕಾದವರು ಮಾತ್ರ ಬಂದು ಪಾಲಿಸಿ ಕೊಂಡು, ಹೆರಿಗೆ ಮುಗಿಸಿ ಬಿಟ್ಟುಹೋದರೆ ಲೆಕ್ಕ ಕೂಡುವುದಿಲ್ಲ ಎಂದು ಅವರು ಹೇಳುತ್ತಾರೆ. ನಾನು ಲೆಕ್ಕಪತ್ರದವಳು, ಈ ಮಾತಿನಲ್ಲಿ ಇರುವ ಸತ್ಯ ನನಗೆ ಅರ್ಥವಾಗುತ್ತದೆ. ಹೆರಿಗೆಯ ರಕ್ಷಣೆಯನ್ನು ಹೆಚ್ಚುವರಿ ಸೌಲಭ್ಯವಾಗಿ ಮಾರುವ ಹಲವು ಕಂಪನಿಗಳು ವರ್ಷಗಟ್ಟಲೆ ಕಾಯುವ ಅವಧಿ ಇಡುವುದೂ, ಒಂದು ಸಿಸೇರಿಯನ್ನಿನ ಬಿಲ್ಲಿಗೂ ಸಾಲದಂಥ ಮಿತಿ ಇಡುವುದೂ ಇದೇ ಭಯದಿಂದ. ಆದರೆ ಈ ಭಯ ಹುಟ್ಟುವುದೇ ಅದು ಐಚ್ಛಿಕವಾಗಿರುವುದರಿಂದ. ಪ್ರತಿಯೊಂದು ಪಾಲಿಸಿಯಲ್ಲೂ ಅದು ಇದ್ದರೆ ಮಗು ಬೇಕಾದವರು, ಬೇಡವಾದವರು, ಗಂಡಸರು, ಹೆಂಗಸರು, ಮದುವೆಯಾಗದವರು, ಮಕ್ಕಳು ಬೆಳೆದವರು ಎಲ್ಲರೂ ಅದರ ಭಾರವನ್ನು ಹಂಚಿಕೊಳ್ಳುತ್ತಾರೆ, ಊರಿನ ಕೆರೆಯ ಹೂಳನ್ನು ಮನೆಗೊಬ್ಬರಂತೆ ಬಂದು ಎತ್ತಿದ ಹಾಗೆ. ನನ್ನ ಪ್ರೀಮಿಯಂನಲ್ಲಿ ಇನ್ನೊಬ್ಬರ ಹೃದಯದ ಚಿಕಿತ್ಸೆಗೆ, ಪ್ರಾಸ್ಟೇಟಿನ ಚಿಕಿತ್ಸೆಗೆ ಪಾಲಿದೆ. ಅದನ್ನು ನಾನು ಯಾವತ್ತೂ ಅನ್ಯಾಯ ಎಂದಿಲ್ಲ. ಮೂವತ್ತೈದರ ಹೊಸ್ತಿಲಲ್ಲಿರುವ ಹೆಣ್ಣಿಗೆ ವರ್ಷಗಟ್ಟಲೆ ಕಾಯಿರಿ ಎನ್ನುವುದು ಏನೂ ಕೊಡುವುದಿಲ್ಲ ಎಂದು ಹೇಳಿದಂತೆಯೇ.

ಕಾನೂನಿನಿಂದ ಕಡ್ಡಾಯ ಮಾಡಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಎಂದು ಹೇಳಿತು. 2018ರ ಆಗಸ್ಟಿನಲ್ಲಿ ಐಆರ್‌ಡಿಎಐ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಕಂಪನಿಗಳು ತಡಮಾಡಿದವು, ಪ್ರಕರಣಗಳು ಹೈಕೋರ್ಟಿನವರೆಗೆ ಹೋದವು, ಕೊನೆಗೆ 2022ರ ಅಕ್ಟೋಬರ್ 31ರೊಳಗೆ ಎಲ್ಲ ಪಾಲಿಸಿಗಳೂ ಇದನ್ನು ಒಳಗೊಳ್ಳಬೇಕು ಎಂದು ಪ್ರಾಧಿಕಾರ ಗಡುವು ಹಾಕಬೇಕಾಯಿತು. ಕಾಯ್ದೆಯಾದ ಮೇಲೂ ಐದು ವರ್ಷ ಬೇಕಾಯಿತು ಎಂಬುದು ನಿಜ, ಆದರೆ ಕಾಯ್ದೆ ಇಲ್ಲದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಸಂತಾನಾರೋಗ್ಯದಲ್ಲೂ ವಿಮೆಯನ್ನು ಕಡ್ಡಾಯ ಮಾಡಿದ ಎರಡು ಕಾಯ್ದೆಗಳು 2021ರಲ್ಲೇ ಬಂದಿವೆ. ಬಾಡಿಗೆ ತಾಯಿಗೆ 36 ತಿಂಗಳ ವಿಮೆ ಮಾಡಿಸಬೇಕು, ಅಂಡಾಣು ದಾನಿಗೆ 12 ತಿಂಗಳ ವಿಮೆ ಮಾಡಿಸಬೇಕು ಎಂದು ಅವು ಹೇಳುತ್ತವೆ. ಆ ಹೆಣ್ಣುಮಕ್ಕಳಿಗೆ ಆ ರಕ್ಷಣೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಅಪಾಯಗಳನ್ನು ತನ್ನ ಸ್ವಂತ ಮಗುವಿಗಾಗಿ ಹೊರುವ ಹೆಣ್ಣಿಗೆ ಅದು ಏಕೆ ಬೇಡ ಎಂದು ಯಾರೂ ನನಗೆ ವಿವರಿಸಿಲ್ಲ.

ಸಾರ್ವಜನಿಕ ಆಸ್ಪತ್ರೆಗಳ ವಿಷಯದಲ್ಲಿ ಈ ಭಾಗದ ಇತಿಹಾಸ ಹೆಮ್ಮೆಪಡುವಂಥದ್ದು. 1986ರ ಆಗಸ್ಟಿನಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ, ಡಾ. ಇಂದಿರಾ ಹಿಂದೂಜಾ ಅವರ ತಂಡದ ಶ್ರಮದಿಂದ ಐವಿಎಫ್ ಮೂಲಕ ಮಗು ಹುಟ್ಟಿದಾಗ ಅದು ಮಹಾನಗರಪಾಲಿಕೆಯ ಆಸ್ಪತ್ರೆಯಾಗಿತ್ತು. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಸೌಲಭ್ಯ ಆರಂಭವಾಯಿತು. ಕೇಂದ್ರ ಸರ್ಕಾರದ ನೌಕರರ ಆರೋಗ್ಯ ಯೋಜನೆಯಲ್ಲಿ ಐವಿಎಫ್ ವೆಚ್ಚವನ್ನು ಮಿತಿಯೊಳಗೆ ಮೂರು ಸುತ್ತಿನವರೆಗೆ ಮರುಪಾವತಿ ಮಾಡುವ ಅವಕಾಶವಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1987ರಲ್ಲೇ ಸಂತಾನಹೀನತೆಯ ಚಿಕಿತ್ಸೆಗೆ ವಿಮೆಯನ್ನು ಕಡ್ಡಾಯ ಮಾಡಿತ್ತು. ಸರ್ಕಾರ ತನ್ನ ನೌಕರರಿಗೆ ಚಿಕಿತ್ಸೆ ಎಂದು ಒಪ್ಪಿದ್ದು ನಮಗೆ ಬಂದಾಗ ಏಕೆ ಬದಲಾಗಬೇಕು?

2025ರ ಕೊನೆಯಲ್ಲಿ ನಮ್ಮ ಪಾಲಿಸಿಯ ನವೀಕರಣದ ಕಾಗದ ಬಂತು. ಆ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು ತೆಗೆದಿದ್ದರಿಂದ ಕಟ್ಟಬೇಕಾದ ಮೊತ್ತ ಇಳಿದಿತ್ತು. ಸರ್ಕಾರ ಮನಸ್ಸು ಮಾಡಿದರೆ ಕೋಟ್ಯಂತರ ಪಾಲಿಸಿಗಳು ಒಂದೇ ದಿನದಲ್ಲಿ ಬದಲಾಗುತ್ತವೆ ಎಂಬುದಕ್ಕೆ ಅದೇ ಸಾಕ್ಷಿ. 17 ಮತ್ತು 18ನೆಯ ಸಂಕೇತಗಳು ಶರತ್ತಿನ ಪುಟಗಳಲ್ಲಿ ಮೊದಲಿದ್ದಂತೆಯೇ ಇದ್ದವು. ಬೇರೆ ಕಂಪನಿಗೆ ಹೋದರೂ ಹೆರಿಗೆಯ ಕಾಯುವ ಅವಧಿ ಹೊಸದಾಗಿ ಶುರುವಾಗುತ್ತದೆಂದು ವಿಚಾರಿಸಿ ತಿಳಿದುಕೊಂಡು, ನಾವು ಇದೇ ಪಾಲಿಸಿಯನ್ನು ನವೀಕರಿಸಿದೆವು.

ಈಗ ನಾನು, ಆ ಹಿರಿಯರು, ನನ್ನ ಘಟಕದ ಆ ಹೆಣ್ಣುಮಗಳು ಮತ್ತು ಸಂಘದ ಪರಿಚಯದ ಇನ್ನೂ ಕೆಲವು ಮಹಿಳೆಯರು ಸೇರಿ ಹೈದರಾಬಾದಿನಲ್ಲಿರುವ ಐಆರ್‌ಡಿಎಐ ಕೇಂದ್ರ ಕಚೇರಿಗೆ ಮತ್ತು ನಮ್ಮ ಕ್ಷೇತ್ರದ ಸಂಸದರಿಗೆ ಒಂದು ಮನವಿ ಸಿದ್ಧಪಡಿಸಿದ್ದೇವೆ. ಗರ್ಭಪಾತ, ಕಾನೂನುಬದ್ಧ ಗರ್ಭ ಸಮಾಪ್ತಿ ಮತ್ತು ಹೆರಿಗೆಯ ಎಲ್ಲ ತೊಡಕುಗಳನ್ನು ಕಾಯುವ ಅವಧಿಯಿಲ್ಲದೆ ಪ್ರತಿಯೊಂದು ಪಾಲಿಸಿಯ ಮೂಲ ರಕ್ಷಣೆಯೊಳಗೆ ತರಬೇಕು. ಸಾಮಾನ್ಯ ಹೆರಿಗೆಗೂ ಸಂತಾನಹೀನತೆಯ ಚಿಕಿತ್ಸೆಗೂ ಮಿತಿ ಬೇಕೆಂದರೆ ಆ ಮಿತಿ ನಿಜವಾದ ಆಸ್ಪತ್ರೆ ಖರ್ಚಿಗೆ ಹೊಂದುವಂತಿರಬೇಕು ಮತ್ತು ಕಾಯುವ ಅವಧಿ ಒಂದು ವರ್ಷವನ್ನು ಮೀರಬಾರದು. ಗರ್ಭ ಹೇಗೆ ನಿಂತಿತು ಎಂಬ ಪ್ರಶ್ನೆಯನ್ನು ತುರ್ತು ಚಿಕಿತ್ಸೆಯ ಕ್ಲೇಮಿನಲ್ಲಿ ಕೇಳುವಂತೆಯೇ ಇರಬಾರದು. ಸಾಮೂಹಿಕ ವಿಮೆಯಿಂದ ವೈಯಕ್ತಿಕ ವಿಮೆಗೆ ಬರುವವರಿಗೆ ಹೆರಿಗೆಯ ರಕ್ಷಣೆಯೂ ಜೊತೆಗೇ ಬರಬೇಕು ಎಂದು ಅದರಲ್ಲಿ ಕೇಳಿದ್ದೇವೆ. ನನ್ನ ಎರಡೂ ತಿರಸ್ಕಾರದ ಪತ್ರಗಳನ್ನೂ ಲೋಕಪಾಲರ ಆದೇಶವನ್ನೂ ಹೆಸರು ಮುಚ್ಚಿ ಅದಕ್ಕೆ ಲಗತ್ತಿಸಿದ್ದೇವೆ. ಕನ್ನಡದಲ್ಲಿ ಬರೆದ ಕರಡನ್ನು ಈಗ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಸಿದ್ಧಪಡಿಸುತ್ತಿದ್ದೇವೆ, ಇಂಥದ್ದೇ ತಿರಸ್ಕಾರದ ಪತ್ರ ತಮ್ಮ ಬಳಿಯೂ ಇರುವ ಪುಣೆಯ ಮಹಿಳೆಯರು ಅದರ ಪ್ರತಿಯನ್ನು ನಮ್ಮ ಕಡತಕ್ಕೆ ಸೇರಿಸಲು ಒಪ್ಪಿದರೆ ಮನವಿಯ ತೂಕ ಹೆಚ್ಚುತ್ತದೆ.